ಹಲ್ಲು ಹರಿತ ಇದೆ, ಆದ್ರೂ ಮರ ಕೊಯ್ಯೋದಿಲ್ಲ ಯಾಕೆ?

ತೋಟದ ಯಂತ್ರಗಳ ಬಗ್ಗೆ ಓದುಗರು ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಕೊಡುತ್ತೇನೆ. ಮರಗಸಿ, ಅಂದರೆ ತೋಟದ ನೆರಳು ಮರಗಳ ಕೊಂಬೆ ಕಡಿಯುವ ಕಾಲ ಹತ್ತಿರ ಬಂತಲ್ಲ, ಈ ಸಲ ಬಂದ ಪತ್ರಗಳೆಲ್ಲ ಚೈನ್ ಸಾ ಬಗ್ಗೆಯೇ ಇವೆ. ಮೊದಲನೇ ಪ್ರಶ್ನೆಯನ್ನು ಬೇರೆ ಬೇರೆ ಮಾತಿನಲ್ಲಿ ತುಂಬಾ ಜನ ಕೇಳಿದ್ದಾರೆ. ಅದಕ್ಕೇ ಅದರ ಉತ್ತರ ಉದ್ದ ಆಗಿದೆ.

ಪ್ರಶ್ನೆ: ನಮ್ಮದು 58 ಸಿಸಿ ಮಷೀನು, 22 ಇಂಚಿನ ಬಾರ್ (ಚೈನ್ ಸುತ್ತುವ ಉದ್ದ ಪಟ್ಟಿ). ಹೊಸ ಚೈನ್ ಹಾಕಿದಾಗ ಸಿಲ್ವರ್ ಓಕ್ ದಿಮ್ಮಿಯಲ್ಲಿ ತಾನಾಗಿಯೇ ಇಳಿದುಕೊಂಡು ಹೋಗುತ್ತದೆ. ನಾಲ್ಕೈದು ಸಲ ಅರ ಉಜ್ಜಿದ ಮೇಲೆ, ಹಲ್ಲು ಕೈಗೆ ಹರಿತವಾಗಿ ಸಿಕ್ಕರೂ ಕೊಯ್ಯುವುದಿಲ್ಲ. ಮೈಭಾರ ಹಾಕಿ ಒತ್ತಬೇಕಾಗುತ್ತದೆ. ಕೆಲಸದವರು ‘ರೇಕರ್ ಪೂರ್ತಿ ಉಜ್ಜಿಬಿಡಿ, ಸ್ಪೀಡ್ ಬರುತ್ತೆ’ ಅಂತಾರೆ. ಹಾಗೆ ಮಾಡಬಹುದಾ?
– ಸಕಲೇಶಪುರ ತಾಲ್ಲೂಕಿನ ಕಾಫಿ ಬೆಳೆಗಾರರು

ಉತ್ತರ: ನಿಮ್ಮ ಕೆಲಸದವರು ರೋಗ ಸರಿಯಾಗಿ ಹಿಡಿದಿದ್ದಾರೆ. ಮದ್ದಿನ ಅಳತೆ ಮಾತ್ರ ತಪ್ಪಿದ್ದಾರೆ.

ಚೈನನ್ನು ಬಿಸಿಲಿಗೆ ಹಿಡಿದು ಒಂದು ಹಲ್ಲನ್ನು ನೋಡಿ. ಹಿಂದೆ ಮರ ಕೊಯ್ಯುವ ಅಂಚು ಇದೆ. ಅದರ ಮುಂದೆ ಒಂದು ಗಿಡ್ಡ ಗುಬುಟು ಎದ್ದಿರುತ್ತದೆ. ಅದೇ ರೇಕರ್. ಅದು ಏನನ್ನೂ ಕೊಯ್ಯುವುದಿಲ್ಲ. ಮರದ ಮೇಲೆ ಜಾರಿಕೊಂಡು ಹೋಗುತ್ತದೆ, ಹಿಂದಿನ ಅಂಚು ಎಷ್ಟು ಆಳ ಕಚ್ಚಬೇಕು ಅಂತ ತೀರ್ಮಾನ ಮಾಡುತ್ತದೆ. ಬಡಗಿಯ ಹತ್ತರಿಯಲ್ಲಿ ಬ್ಲೇಡು ತಳದಿಂದ ಎಷ್ಟು ಹೊರಗೆ ಬಂದಿದೆಯೋ ಅಷ್ಟೇ ದಪ್ಪದ ಸಿಪ್ಪೆ ಬರುತ್ತದಲ್ವಾ? ಇಲ್ಲಿಯೂ ಹಾಗೆಯೇ. ರೇಕರ್ ತಲೆಗಿಂತ ಹಲ್ಲಿನ ಅಂಚು ಎಷ್ಟು ಎತ್ತರ ಇದೆಯೋ, ಒಂದೊಂದು ಹಲ್ಲೂ ಅಷ್ಟೇ ದಪ್ಪದ ಚಕ್ಕೆ ಎಬ್ಬಿಸುತ್ತದೆ. ನಿಮ್ಮ ಮಷೀನಿನ ಚೈನಿಗೆ ಸಾಮಾನ್ಯವಾಗಿ ಈ ಅಂತರ 0.65 ಮಿಲಿಮೀಟರ್ ಇರಬೇಕು.

ಈಗ ಹಲ್ಲಿನ ಮೇಲ್ಭಾಗ ನೋಡಿ. ಅದು ಸಮತಟ್ಟಾಗಿಲ್ಲ, ಹಿಂದಕ್ಕೆ ಇಳಿಜಾರಾಗಿದೆ. ಪ್ರತಿ ಸಲ ಅರ ಉಜ್ಜಿದಾಗ ಅಂಚು ಸ್ವಲ್ಪ ಹಿಂದಕ್ಕೆ ಸರಿಯುತ್ತದೆ, ಜೊತೆಗೆ ಸ್ವಲ್ಪ ಕೆಳಕ್ಕೂ ಇಳಿಯುತ್ತದೆ. ರೇಕರ್ ಮಾತ್ರ ಇದ್ದಲ್ಲೇ ಇರುತ್ತದೆ. ನಾಲ್ಕೈದು ಸಲ ಉಜ್ಜುವಷ್ಟರಲ್ಲಿ ಅಂತರ ಕುಗ್ಗಿಹೋಗಿರುತ್ತದೆ. ಹಲ್ಲು ಎಷ್ಟೇ ಹರಿತ ಇರಲಿ, ರೇಕರ್ ಅದನ್ನು ಮರದ ಹತ್ತಿರ ಬಿಡುವುದೇ ಇಲ್ಲ. ಚಕ್ಕೆ ಬರಬೇಕಾದ ಕಡೆ ಹೊಟ್ಟು ಬರುತ್ತದೆ. ನಿಮಗೆ ಚೈನ್ ಮೊಂಡಾಯಿತು ಅನ್ನಿಸುತ್ತದೆ, ಮತ್ತೆ ಅರ ಉಜ್ಜುತ್ತೀರಿ, ಅಂತರ ಇನ್ನೂ ಕಮ್ಮಿ ಆಗುತ್ತದೆ! ನನ್ನ ಬೆಂಚಿಗೆ ‘ಇದು ಮುಗೀತು, ಹೊಸದು ಕೊಡಿ’ ಅಂತ ಬರುವ ಚೈನುಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಹಲ್ಲು ಉಳಿದಿರುವುದೇ ಹೆಚ್ಚು. ರೇಕರ್ ಇಳಿಸಿದರೆ ಅವು ಇನ್ನೂ ಒಂದು ಮರಗಸಿ ದಾಟುತ್ತವೆ. ದುಡ್ಡು ಕೊಟ್ಟು ತಂದ ಚೈನನ್ನು ಹಾಗೆ ಎಸೆಯುವುದು ನೋಡಿದರೆ ಹೊಟ್ಟೆ ಉರಿಯುತ್ತದೆ.

ಇಳಿಸುವುದಕ್ಕೆ ರೇಕರ್ ಗೇಜ್ ಅಂತ ಸಣ್ಣ ತಗಡು ಸಿಗುತ್ತದೆ. ಅದನ್ನು ಹಲ್ಲುಗಳ ಮೇಲೆ ಕೂರಿಸಿದರೆ, ರೇಕರ್ ಎತ್ತರ ಇದ್ದಷ್ಟು ಭಾಗ ಸೀಳಿನಿಂದ ಮೇಲೆ ಇಣುಕುತ್ತದೆ. ಇಣುಕಿದ್ದನ್ನು ಚಪ್ಪಟೆ ಅರದಿಂದ ಉಜ್ಜಿ ಸಮ ಮಾಡಿ. ಗೇಜ್ ಇಲ್ಲದಿದ್ದರೆ, ಅಕ್ಕಪಕ್ಕದ ಎರಡು ಹಲ್ಲುಗಳ ಅಂಚಿನ ಮೇಲೆ ನೆಟ್ಟಗಿರುವ ಸ್ಟೀಲ್ ಸ್ಕೇಲ್ ಇಟ್ಟು, ಬೈಕ್ ಮೆಕ್ಯಾನಿಕ್ ಹತ್ತಿರ ಇರುವ, ಸಂದಿ ಅಳೆಯುವ ಫೀಲರ್ ಗೇಜಿನ 0.65 ಎಲೆಯನ್ನು ಸ್ಕೇಲಿಗೂ ರೇಕರಿಗೂ ನಡುವೆ ತೂರಿಸಿ ನೋಡಿ. ಇಳಿಸಿದ ಮೇಲೆ ರೇಕರಿನ ಮುಂದಿನ ಮೂಲೆ ಚೂಪಾಗಿ ಉಳಿಯುತ್ತದೆ. ಅದನ್ನು ಮೊದಲಿದ್ದ ಹಾಗೆ ದುಂಡಗೆ ಮಾಡಲೇಬೇಕು. ಚೂಪು ಮೂಲೆ ಜಾರುವುದಿಲ್ಲ, ಮರಕ್ಕೆ ಗುದ್ದುತ್ತದೆ. ಮೂರು ನಾಲ್ಕು ಸಲ ಅರ ಉಜ್ಜಿದ ಮೇಲೆ ಒಂದು ಸಲ ರೇಕರ್ ನೋಡುವ ಅಭ್ಯಾಸ ಇಟ್ಟುಕೊಳ್ಳಿ.

ಇನ್ನೊಂದು ಸೂಕ್ಷ್ಮ ಇದೆ. ಹಲ್ಲು ಸವೆದು ಹಿಂದಕ್ಕೆ ಹೋದ ಹಾಗೆ ರೇಕರಿಗೂ ಅಂಚಿಗೂ ನಡುವಿನ ದೂರ ಜಾಸ್ತಿ ಆಗುತ್ತದೆ. ಆಗ ಅದೇ 0.65 ಹೊಸ ಹಲ್ಲಿನಲ್ಲಿ ಕಚ್ಚಿದಷ್ಟು ಕಚ್ಚುವುದಿಲ್ಲ. ಅರ್ಧ ಸವೆದ ಚೈನಿಗೆ 0.7, ಹಾಲುವಾಣ, ಸಿಲ್ವರ್ ಓಕ್ ಥರದ ಮೆದು ಮರಕ್ಕಾದರೆ 0.75ರವರೆಗೂ ಹೋಗಬಹುದು. ಒಣಗಿದ ಮತ್ತಿ, ನಂದಿ, ಹುಣಸೆಗೆ 0.65 ದಾಟಬೇಡಿ.

‘ಪೂರ್ತಿ ಉಜ್ಜಿಬಿಡಿ’ ಅನ್ನುವ ಮಾತಿಗೆ ಈಗ ಬರುತ್ತೇನೆ. ಬೇಡ, ಖಂಡಿತ ಬೇಡ. ಮಷೀನು ಪೂರ್ತಿ ವೇಗದಲ್ಲಿದ್ದಾಗ ನಿಮ್ಮ ಚೈನಿನ 500ಕ್ಕೂ ಹೆಚ್ಚು ಹಲ್ಲು ಒಂದು ಸೆಕೆಂಡಿನಲ್ಲಿ ಮರದ ಮೇಲೆ ಹಾದುಹೋಗುತ್ತವೆ. ಒಂದೊಂದೂ ಮಿತಿಮೀರಿ ಕಚ್ಚಿದರೆ ಇಂಜಿನ್ನಿಗೆ ಅಷ್ಟು ಶಕ್ತಿ ಎಲ್ಲಿಂದ ಬರಬೇಕು? ಕಚ್ಚುತ್ತದೆ, ಉಸಿರುಗಟ್ಟಿ ನಿಲ್ಲುತ್ತದೆ, ಮತ್ತೆ ಕಚ್ಚುತ್ತದೆ. ಕೈ ಜೋಮು ಹಿಡಿಯುವಷ್ಟು ನಡುಗುತ್ತದೆ. ಎಲ್ಲಕ್ಕಿಂತ ಕೆಟ್ಟದ್ದು, ಬಾರಿನ ಮೂತಿಯ ಮೇಲ್ಭಾಗ ಯಾವುದಾದರೂ ಕೊಂಬೆಗೆ ತಾಗಿದರೆ ಮಷೀನು ಚಿಮ್ಮಿ ಮುಖಕ್ಕೇ ಬರುತ್ತದೆ. ರೇಕರ್ ತಗ್ಗಿದಷ್ಟೂ ಈ ಚಿಮ್ಮುವಿಕೆ ಜೋರು. ಮರದ ಮೇಲೆ ಹಗ್ಗ ಕಟ್ಟಿಕೊಂಡು ಮರಗಸಿ ಮಾಡುವ ಮನುಷ್ಯನ ಕೈಗೆ ಅಂಥ ಚೈನ್ ಕೊಡುವುದು ಅವನ ಜೀವದ ಜೊತೆ ಆಟ ಆಡಿದ ಹಾಗೆ. ದಯವಿಟ್ಟು ಕೊಡಬೇಡಿ.

ಕಾಫಿ ಬೆಳೆಗಾರರು ಕೇಳಿದ್ದರಿಂದ ಒಂದು ವಿಷಯ ಹೇಳಬೇಕು ಅನ್ನಿಸಿತು. ಈ ಹಲ್ಲಿನ ಆಕಾರ ಬಂದದ್ದೇ ಒಂದು ಕೊರಕ ಹುಳುವಿನಿಂದ. 1946ರಲ್ಲಿ ಅಮೆರಿಕದ ಆರೆಗಾನ್ ಕಡೆ ಮರ ಕೊಯ್ಯುತ್ತಿದ್ದ ಜೋಸೆಫ್ ಕಾಕ್ಸ್ ಅನ್ನುವವರು, ಒಂದು ಮರದ ಮೋಟಿನಲ್ಲಿ ದುಂಬಿಯ ಮರಿಹುಳು ದವಡೆಯನ್ನು ಎಡಕ್ಕೆ ಬಲಕ್ಕೆ ಆಡಿಸುತ್ತಾ, ನಾರು ಉದ್ದಕ್ಕಿರಲಿ ಅಡ್ಡಕ್ಕಿರಲಿ ಲೆಕ್ಕಿಸದೆ ತಿನ್ನುತ್ತಾ ಹೋಗುವುದನ್ನು ಗಮನಿಸಿದರು. ಅದೇ ದವಡೆಯ ಹಾಗೆ ಎಡಕ್ಕೊಂದು ಬಲಕ್ಕೊಂದು ಬಾಗಿದ ಹಲ್ಲು ಮಾಡಿ, 1947ರಲ್ಲಿ ಮಾರುಕಟ್ಟೆಗೆ ಬಿಟ್ಟರು. ಇವತ್ತಿಗೂ ನಮ್ಮ ಚೈನುಗಳ ಹಲ್ಲು ಅದೇ ಜಾತಿಯದು. ನಮ್ಮ ಅರೇಬಿಕಾ ಗಿಡಕ್ಕೆ ಬೀಳುವ ಬಿಳಿ ಕಾಂಡಕೊರಕದ ಕೆಲಸ ನೋಡಿದವರಿಗೆ ಆ ದವಡೆಯ ಬಲ ಬೇರೆ ಹೇಳಬೇಕಾಗಿಲ್ಲ.

ಪ್ರಶ್ನೆ: ಮಷೀನಿನ ಭಾರಕ್ಕೇ ಬಿಡಿ, ಒತ್ತಲೇಬೇಡಿ ಅಂತ ಒಬ್ಬರು ಹೇಳುತ್ತಾರೆ. ಸ್ಪೈಕ್ (ಬಾರಿನ ಬುಡದಲ್ಲಿ ಮಷೀನಿಗಿರುವ ಲೋಹದ ಮೊನೆಗಳು) ಊರಿ ಎತ್ತಿ ಒತ್ತಿ ಅಂತ ಇನ್ನೊಬ್ಬರು. ಬೇಗ ಕೊಯ್ಯಬೇಕಾದರೆ ಯಾವುದು ಸರಿ?
– ಕೊಪ್ಪದಿಂದ ಓದುಗರು

ಉತ್ತರ: ಎರಡೂ ಅರ್ಧ ಸರಿ. ಒತ್ತಡವನ್ನು ಕೈಯಿಂದ ಅಳೆಯಬೇಡಿ, ಕಿವಿಯಿಂದ ಅಳೆಯಿರಿ.

ಮರಕ್ಕೆ ತಾಗಿಸುವ ಮೊದಲೇ ಆಕ್ಸಿಲರೇಟರ್ ಪೂರ್ತಿ ಹಿಡಿಯಿರಿ. ಕಾರ್ಬ್ಯುರೇಟರ್ ಸರಿಯಾಗಿ ಕೂರಿಸಿದ ಮಷೀನು ಹಾಗೆ ಬರಿದೆ ಓಡುವಾಗ ಸ್ವಲ್ಪ ಒಡೆದ ದನಿಯಲ್ಲಿ, ಬರಬರ ಅಂತ ಕೂಗುತ್ತದೆ. ಮರಕ್ಕೆ ಇಳಿಸಿದ ತಕ್ಷಣ ಆ ದನಿ ನುಣ್ಣಗಾಗಬೇಕು. ಮರದೊಳಗೆ ಹೋದ ಮೇಲೂ ಬರಬರ ಅನ್ನುತ್ತಿದ್ದರೆ ಇಂಜಿನ್ನಿಗೆ ಇನ್ನೂ ಕೆಲಸ ಸಾಲದು, ಸ್ವಲ್ಪ ಒತ್ತಬಹುದು. ದನಿ ಕೆಳಗಿಳಿದು ಗೊರ್ ಅಂದರೆ ಜಾಸ್ತಿ ಆಯಿತು, ಕೈ ಸಡಿಲ ಮಾಡಿ. ಈ ಎರಡರ ನಡುವಿನ ನುಣ್ಣನೆ ದನಿಯಲ್ಲೇ ಮಷೀನು ಅತಿ ಬೇಗ ಕೊಯ್ಯುವುದು. ಹೊಸ ಕಂಪ್ಯೂಟರ್ ಟ್ಯೂನಿಂಗ್ ಮಷೀನುಗಳಲ್ಲಿ ಈ ವ್ಯತ್ಯಾಸ ಅಷ್ಟು ಕೇಳಿಸುವುದಿಲ್ಲ. ಅಲ್ಲಿ ದನಿ ಕುಸಿಯುವುದನ್ನು ಮಾತ್ರ ಗಮನಿಸಿ.

ಹಾನುಬಾಳು ಕಡೆ ನನಗೆ ಗೊತ್ತಿರುವ ಹಿರಿಯರೊಬ್ಬರು ಇದ್ದಾರೆ, ಮರ ಕೊಯ್ಯುವುದೇ ಅವರ ಕಸುಬು. ಅವರು ಕೊಯ್ಯುವಾಗ ಹಿಂದಿನ ಹಿಡಿಕೆಯ ಮೇಲೆ ಬಲಗೈ ನೋಡಬೇಕು. ಸ್ಪೈಕನ್ನು ತೊಗಟೆಗೆ ಊರಿರುತ್ತಾರೆ. ಹಿಡಿಕೆ ಒಂದೆರಡು ಇಂಚು ಮೇಲೆ ಏಳುತ್ತದೆ, ಮತ್ತೆ ಇಳಿಯುತ್ತದೆ. ಬಾರ್ ದಿಮ್ಮಿಯೊಳಗೆ ತೂಗುತ್ತಾ ಇರುತ್ತದೆ. ಕಾಲಿನ ಹತ್ತಿರ ಉಗುರಿನಷ್ಟು ದೊಡ್ಡ ಚಕ್ಕೆ ರಾಶಿ ಬೀಳುತ್ತದೆ. ಪಕ್ಕದಲ್ಲಿ ಹುಡುಗರು ಎದೆ ಕೊಟ್ಟು ಒತ್ತಿದರೂ ಅವರಿಗಿಂತ ಹಿಂದೆಯೇ.

ಹಾಗೆ ತೂಗುವುದರಲ್ಲಿ ಗುಟ್ಟಿದೆ. ನಿಮ್ಮ ಒತ್ತಡ ಮರದೊಳಗಿರುವ ಹಲ್ಲುಗಳಿಗೆ ಹಂಚಿಹೋಗುತ್ತದೆ. 0.325 ಇಂಚು ಪಿಚ್ಚಿನ (ಪಿಚ್ ಅಂದರೆ ಚೈನಿನ ಕೊಂಡಿಗಳ ಅಳತೆ) ಚೈನಿನಲ್ಲಿ ಹಲ್ಲಿಂದ ಹಲ್ಲಿಗೆ ಸುಮಾರು 33 ಮಿಲಿಮೀಟರ್. 40 ಸೆಂಟಿಮೀಟರ್ ದಿಮ್ಮಿಯಲ್ಲಿ ಬಾರ್ ಪೂರ್ತಿ ಮಲಗಿದರೆ ಒಮ್ಮೆಗೆ 12 ಹಲ್ಲು ಮರದಲ್ಲಿರುತ್ತವೆ. ತೂಗಿ ಕೊಯ್ದರೆ ಒಮ್ಮೆಗೆ ತಾಗುವುದು ಅದರ ಅರ್ಧವೋ ಇನ್ನೂ ಕಮ್ಮಿಯೋ. ಅದೇ ಒತ್ತಡ, ಹಲ್ಲಿಗೆ ಎರಡರಷ್ಟು. ಒಂದೊಂದೂ ದಪ್ಪ ಚಕ್ಕೆ ತೆಗೆಯುತ್ತದೆ. ಇದರ ಇನ್ನೊಂದು ಮುಖವೂ ಗೊತ್ತಿರಲಿ. 10 ಸೆಂಟಿಮೀಟರ್ ಕೊಂಬೆಯಲ್ಲಿ ಇರುವುದು ಮೂರೇ ಹಲ್ಲು. ದಿಮ್ಮಿಗೆ ಒತ್ತಿದ ಹಾಗೆ ಅಲ್ಲಿ ಒತ್ತಿದರೆ ಚೈನ್ ಕಚ್ಚಿ ಎಳೆಯುತ್ತದೆ. ಸಣ್ಣ ಕೊಂಬೆಗೆ ಹಗುರ ಕೈ.

ಜೋರಾಗಿ ಒತ್ತಿದಾಗ ಇಂಜಿನ್ ಕೂಗುತ್ತಾ ಚೈನ್ ಮಾತ್ರ ನಿಂತರೆ ಕ್ಲಚ್ ಜಾರುತ್ತಿದೆ ಅಂತ ಅರ್ಥ. ತಕ್ಷಣ ಆಕ್ಸಿಲರೇಟರ್ ಬಿಡಿ. ಡ್ರಮ್ ಕಾದು ನೀಲಿಗಟ್ಟುತ್ತದೆ. ಪಕ್ಕದಲ್ಲಿರುವ ಆಯಿಲ್ ಪಂಪಿನ ಪ್ಲಾಸ್ಟಿಕ್ ಗಿಯರ್ ಕರಗುವುದೂ ಉಂಟು. ಆಮೇಲೆ ಬಾರಿಗೆ ಆಯಿಲ್ ಬರುವುದಿಲ್ಲ, ಖರ್ಚು ಒಂದರಿಂದ ಇನ್ನೊಂದಕ್ಕೆ ಹೋಗುತ್ತದೆ.

ಮೊದಲ ಪ್ರಶ್ನೆ ಕೇಳಿದವರಿಗೂ ಇಲ್ಲೇ ಒಂದು ಮಾತು: 58 ಸಿಸಿಗೆ 22 ಇಂಚಿನ ಬಾರ್ ಗಟ್ಟಿ ಮರದಲ್ಲಿ ಭಾರ. ನಿಮ್ಮ ಮರಗಳು ಹೆಚ್ಚಿನವು ಒಂದಡಿ ಒಳಗಿನವಾದರೆ 18 ಇಂಚಿನ ಬಾರ್, ಅದಕ್ಕೆ ಸರಿಹೊಂದುವ ಚೈನ್ ಹಾಕಿ ನೋಡಿ. ಎಳೆಯಬೇಕಾದ ಚೈನ್ ಕಮ್ಮಿ, ಮೂತಿ ಭಾರ ಕಮ್ಮಿ. ಕೈಗೆ ಗೊತ್ತಾಗುತ್ತದೆ.

ಪ್ರಶ್ನೆ: ಯಾವ ಅರ ತರಬೇಕು, ಎಷ್ಟು ಸಲ ಉಜ್ಜಬೇಕು? ಅಂಗಡಿಯಲ್ಲಿ ಒಬ್ಬೊಬ್ಬರು ಒಂದೊಂದು ಕೊಡುತ್ತಾರೆ.
– ತೀರ್ಥಹಳ್ಳಿಯಿಂದ ಓದುಗರು

ಉತ್ತರ: ಚೈನಿನ ಪಿಚ್ ನೋಡಿ ಅರ ತರಬೇಕು. ಸಣ್ಣ ಮಷೀನುಗಳ 3/8 ಲೋ ಪ್ರೊಫೈಲ್ ಚೈನಿಗೆ 4 ಮಿಲಿಮೀಟರ್ ದುಂಡು ಅರ. 0.325ಕ್ಕೆ 4.8. ದೊಡ್ಡ ಮಷೀನಿನ 3/8ಕ್ಕೆ ಕಂಪನಿ ನೋಡಿಕೊಂಡು 5.2 ಅಥವಾ 5.5. ಪಿಚ್ ಗೊತ್ತಿಲ್ಲದಿದ್ದರೆ ಸಾಲಾಗಿ ಮೂರು ರಿವೆಟ್‌ಗಳ ನಡುವಿನ ದೂರ ಅಳೆದು ಎರಡರಿಂದ ಭಾಗಿಸಿ.

ಬಾರನ್ನು ವೈಸಿಗೆ ಕಚ್ಚಿಸಿ. ಚೈನ್ ಸ್ವಲ್ಪ ಬಿಗಿ ಮಾಡಿಕೊಳ್ಳಿ, ಅಲ್ಲಾಡಬಾರದು. ಅರದ ದಪ್ಪದಲ್ಲಿ ಐದನೇ ಒಂದು ಭಾಗ ಹಲ್ಲಿನ ಮೇಲ್ತುದಿಗಿಂತ ಮೇಲೆ ಇರಲಿ. ಅದಕ್ಕಿಂತ ಕೆಳಗಿಳಿದರೆ ಅಂಚು ಕೊಕ್ಕೆಯಾಗಿ ತೆಳ್ಳಗಾಗುತ್ತದೆ, ಗಟ್ಟಿ ಮರದಲ್ಲಿ ಬೇಗ ಮೊಂಡಾಗುತ್ತದೆ. ಮೇಲೆ ಹೋದರೆ ಅಂಚು ಹಿಂದಕ್ಕೆ ವಾಲಿ ಮರದ ಮೇಲೆ ಜಾರುತ್ತದೆ. ಒಳಗಿನಿಂದ ಹೊರಕ್ಕೆ ಮಾತ್ರ ತಳ್ಳಬೇಕು. ವಾಪಸ್ ಎಳೆಯುವಾಗ ಅರ ಎತ್ತಿಬಿಡಿ, ಹಿಂದಕ್ಕೆ ಉಜ್ಜಿದರೆ ಹಾಳಾಗುವುದು ಅರವೇ. ಹೆಚ್ಚಿನ ಚೈನುಗಳಿಗೆ 30 ಡಿಗ್ರಿ ಓರೆ, ಹಲ್ಲಿನ ಮೇಲೆಯೇ ಗೆರೆ ಇರುತ್ತದೆ. ಗಟ್ಟಿ ಮರವೇ ಜಾಸ್ತಿ ಇದ್ದರೆ 25ಕ್ಕೆ ಇಳಿಸಿ. ದಿಮ್ಮಿಯನ್ನು ಉದ್ದಕ್ಕೆ ಸೀಳಿ ಹಲಗೆ ಮಾಡುವವರಿಗೆ 10 ಡಿಗ್ರಿಯ ಚೈನೇ ಬೇರೆ ಬರುತ್ತದೆ.

ಎಷ್ಟು ಸಲ ಅಂದರೆ, ಬಿಳಿ ಗೆರೆ ಹೋಗುವಷ್ಟು. ಬಾರನ್ನು ಬೆಳಕಿಗೆ ತಿರುಗಿಸಿ ಹಲ್ಲಿನ ಮೂಲೆಯನ್ನೇ ದಿಟ್ಟಿಸಿ. ಮೊಂಡಾದ ಅಂಚು ಕೂದಲೆಳೆಯಷ್ಟು ಬಿಳಿಯಾಗಿ ಹೊಳೆಯುತ್ತದೆ. ಹರಿತವಾದ ಅಂಚು ಹೊಳೆಯುವುದೇ ಇಲ್ಲ, ಬೆಳಕು ನಿಲ್ಲಲು ಅಲ್ಲಿ ಜಾಗವೇ ಇರುವುದಿಲ್ಲ. ಪೆಟ್ರೋಲ್ ಟ್ಯಾಂಕ್ ತುಂಬಿಸುವಾಗೆಲ್ಲ ಹಲ್ಲಿಗೆ ಎರಡು ಮೂರು ಸಲ ಉಜ್ಜಿದರೆ ಸಾಕು. ಪೂರ್ತಿ ಮೊಂಡಾಗುವವರೆಗೆ ಕಾದರೆ ಹತ್ತು ಸಲ ಉಜ್ಜಬೇಕಾಗುತ್ತದೆ, ಹಲ್ಲಿನ ಆಯಸ್ಸೂ ಅಷ್ಟೇ ಕಮ್ಮಿ. ಎಲ್ಲಿಂದ ಶುರು ಮಾಡಿದಿರಿ ಅಂತ ಒಂದು ಹಲ್ಲಿಗೆ ಮಾರ್ಕರ್ ಪೆನ್ನಿನ ಗುರುತು ಹಾಕಿ.

ಪ್ರಶ್ನೆ: ನೆಟ್ಟಗೆ ಹಿಡಿದರೂ ಕೊಯ್ತ ಒಂದೇ ಪಕ್ಕಕ್ಕೆ ವಾಲಿಕೊಂಡು ಹೋಗುತ್ತದೆ. ಕೊನೆಗೆ ಬಾರ್ ಸಿಕ್ಕಿಹಾಕಿಕೊಳ್ಳುತ್ತದೆ.
– ಸೋಮವಾರಪೇಟೆಯಿಂದ ಓದುಗರು

ಉತ್ತರ: ಒಂದು ಪಕ್ಕದ ಹಲ್ಲು ಇನ್ನೊಂದು ಪಕ್ಕಕ್ಕಿಂತ ಉದ್ದ ಅಥವಾ ಹರಿತ ಇದೆ. ಯಾವ ಪಕ್ಕ ಚೆನ್ನಾಗಿ ಕಚ್ಚುತ್ತದೋ ಬಾರ್ ಆ ಕಡೆಗೇ ಎಳೆಯುತ್ತದೆ. ಬಲಗೈಯವರು ಅರ ಉಜ್ಜಿದಾಗ ಒಂದು ಪಕ್ಕಕ್ಕೆ ಜೋರು ಬೀಳುವುದು, ಇನ್ನೊಂದಕ್ಕೆ ಕಮ್ಮಿ ಬೀಳುವುದು ಸಾಮಾನ್ಯ. ಅತಿ ಗಿಡ್ಡ ಹಲ್ಲನ್ನು ಹುಡುಕಿ, ಉಳಿದವನ್ನೆಲ್ಲ ಅದರ ಉದ್ದಕ್ಕೆ ತನ್ನಿ. ಬೇಜಾರಿನ ಕೆಲಸ, ಆದರೆ ಬೇರೆ ದಾರಿ ಇಲ್ಲ. ಕಲ್ಲಿಗೆ ತಾಗಿದ ಚೈನಿನಲ್ಲಿ ಒಂದೇ ಪಕ್ಕ ಮೊಂಡಾಗಿರುವುದೂ ಇದೆ, ಅದನ್ನೂ ನೋಡಿ.

ಹೊಸ ಚೈನ್ ಹಾಕಿದರೂ ವಾಲಿದರೆ ದೋಷ ಬಾರಿನದು. ಬಾರಿನ ಎರಡು ಅಂಚುಗಳಲ್ಲಿ ಒಂದು ಹೆಚ್ಚು ಸವೆದಿರುತ್ತದೆ. ಬಾರನ್ನು ಗಾಜಿನ ಮೇಲೆ ನೆಟ್ಟಗೆ ನಿಲ್ಲಿಸಿದರೆ ವಾಲುತ್ತದೆ. ಚಪ್ಪಟೆ ಅರದಿಂದ ಎರಡೂ ಅಂಚು ಸಮ ಮಾಡಬಹುದು. ಚೈನ್ ತೆಗೆದಾಗೆಲ್ಲ ಬಾರನ್ನು ಮೇಲೆ ಕೆಳಗೆ ಮಾಡಿ ಹಾಕಿದರೆ ಸವೆತ ಒಂದೇ ಕಡೆ ಆಗುವುದಿಲ್ಲ.

ಪ್ರಶ್ನೆ: ಬಾರಿಗೆ ಟ್ರ್ಯಾಕ್ಟರಿನ ಹಳೆ ಆಯಿಲ್ ಹಾಕುತ್ತೇವೆ. ಇತ್ತೀಚೆಗೆ ಹೊಗೆ ಬರುತ್ತಿದೆ. ತೊಂದರೆ ಇದೆಯಾ?
– ಮೂಡಿಗೆರೆ ಕಡೆಯ ಓದುಗರು

ಉತ್ತರ: ಇದೆ. ಹಳೆ ಆಯಿಲ್ಲಿನಲ್ಲಿ ಇಂಜಿನ್ ಸವೆದ ಲೋಹದ ಪುಡಿ, ಮಸಿ ಎಲ್ಲ ಇರುತ್ತದೆ. ಬಾರಿನ ಗಾಡಿಯೊಳಗೆ (ಚೈನ್ ಓಡುವ ಸಂದಿಯೊಳಗೆ) ಅದೇ ಅರದ ಹಾಗೆ ಕೆಲಸ ಮಾಡುತ್ತದೆ. ಅಂಟುಗುಣ ಇಲ್ಲ, ಮೂತಿ ತಿರುಗುವಲ್ಲಿ ಎಲ್ಲ ಹಾರಿಹೋಗುತ್ತದೆ. ಹಾರಿದ್ದು ಬೀಳುವುದು ನಿಮ್ಮ ಕಾಫಿ, ಮೆಣಸಿನ ಮೇಲೆ, ಹಳ್ಳದ ನೀರಿಗೆ. ಚೈನ್ ಆಯಿಲ್ ಸಿಗದಿದ್ದರೆ ಹೊಸ ಇಂಜಿನ್ ಆಯಿಲ್ ಹಾಕಿ, ಹಳೆಯದು ಬೇಡ. ಬಾರಿನ ಗಾಡಿ ಮತ್ತು ಆಯಿಲ್ ತೂತನ್ನು ತೆಳು ತಂತಿಯಿಂದ ಚೊಕ್ಕ ಮಾಡಿ. ಬಿಳಿ ರಟ್ಟಿನ ಹತ್ತಿರ ಮೂತಿ ಹಿಡಿದು ಆಕ್ಸಿಲರೇಟರ್ ಒತ್ತಿದರೆ ಆಯಿಲ್ ಗೆರೆ ಬೀಳಬೇಕು. ಒಂದು ಟ್ಯಾಂಕ್ ಪೆಟ್ರೋಲ್ ಮುಗಿಯುವಷ್ಟರಲ್ಲಿ ಆಯಿಲ್ ಟ್ಯಾಂಕೂ ಹೆಚ್ಚುಕಮ್ಮಿ ಖಾಲಿ ಆಗಬೇಕು.

ಹೊಗೆಗೆ ಬಿಗಿ ಚೈನೂ ಕಾರಣ ಇರಬಹುದು. ಕೈಯಲ್ಲಿ ಎಳೆದರೆ ಸರಾಗ ಓಡಬೇಕು, ಬಾರಿನ ಕೆಳಗೆ ಜೋತು ಬೀಳಬಾರದು. ಬಿಸಿ ಇದ್ದಾಗ ಬಿಗಿ ಮಾಡಿದ್ದರೆ ಕೆಲಸ ಮುಗಿದ ಮೇಲೆ ಸಡಿಲ ಮಾಡಿಡಿ. ತಣ್ಣಗಾದಾಗ ಚೈನ್ ಕುಗ್ಗಿ ಬೇರಿಂಗನ್ನು ಎಳೆಯುತ್ತದೆ.

ಪ್ರಶ್ನೆ: ತೆಂಗು ಕೊಯ್ದರೆ ಚೈನ್ ಒಂದೇ ದಿನಕ್ಕೆ ಹೋಗುತ್ತದೆ. ಯಾವ ಚೈನ್ ಒಳ್ಳೆಯದು?
– ತಿಪಟೂರಿನಿಂದ ಓದುಗರು

ಉತ್ತರ: ತೆಂಗಿನ ಹೊರಸುತ್ತು ತುಂಬಾ ಗಟ್ಟಿ, ನಾರಿನಲ್ಲಿ ಮರಳಿನ ಅಂಶವೂ ಇದೆ. ಮೂಲೆ ಚೂಪಾಗಿರುವ ಫುಲ್ ಚಿಸೆಲ್ ಚೈನ್ ವೇಗ ಹೌದು, ಆದರೆ ಇಲ್ಲಿ ಬೇಗ ಸಾಯುತ್ತದೆ. ಮೂಲೆ ದುಂಡಗಿರುವ ಸೆಮಿ ಚಿಸೆಲ್ ತನ್ನಿ. ಅರ ಜೇಬಲ್ಲೇ ಇರಲಿ. ಬುಡದಲ್ಲಿ ಕೊಯ್ಯುವ ಮೊದಲು ಕತ್ತಿಯಿಂದ ಮಣ್ಣು ಕೆರೆದು ತೆಗೆಯಿರಿ. ಮಳೆಗೆ ಸಿಡಿದ ಮಣ್ಣು ಬುಡಕ್ಕೆ ಮೆತ್ತಿಕೊಂಡಿರುತ್ತದೆ, ಚೈನಿಗೆ ಅದಕ್ಕಿಂತ ದೊಡ್ಡ ಶತ್ರು ಇಲ್ಲ. ಮೊಳೆ, ತಂತಿ ಹೊಡೆದ ಗುರುತು ಇದ್ದರೆ ಅರ್ಧ ಅಡಿ ಮೇಲೆ ಕೊಯ್ಯಿರಿ.

ಪ್ರಶ್ನೆ: ರೇಕರ್ ಈಗಾಗಲೇ ಜಾಸ್ತಿ ಉಜ್ಜಿಯಾಗಿದೆ. ಚೈನ್ ಎಸೆಯಬೇಕಾ?
– ಶಿರಸಿಯಿಂದ ಓದುಗರು

ಉತ್ತರ: ಎಸೆಯಬೇಡಿ. ರೇಕರ್ ಏರಿಸಲು ಆಗುವುದಿಲ್ಲ, ಹಲ್ಲನ್ನು ಇಳಿಸಬಹುದು. ರೇಕರ್ ಮುಟ್ಟದೆ ಎಲ್ಲ ಹಲ್ಲನ್ನೂ ಸಮನಾಗಿ ಉಜ್ಜುತ್ತಾ ಹೋಗಿ. ಅಂಚು ಹಿಂದೆ ಸರಿದು ಇಳಿದಂತೆ ಅಂತರ ತಾನೇ ಕಮ್ಮಿ ಆಗುತ್ತದೆ. ಗೇಜ್ ಇಟ್ಟಾಗ ರೇಕರ್ ತಲೆ ಸೀಳಿನ ಮಟ್ಟಕ್ಕೆ ಬಂದರೆ ನಿಲ್ಲಿಸಿ. ಅಲ್ಲಿಯವರೆಗೆ ಆ ಚೈನನ್ನು ನೆಲದ ಮೇಲೆ ಬಿದ್ದ ದಪ್ಪ ದಿಮ್ಮಿಗೂ ಹಾಕಬೇಡಿ, ಮರದ ಮೇಲಿನ ಕೆಲಸಕ್ಕಂತೂ ಬೇಡವೇ ಬೇಡ.